ವಿಲ್ನಿಯಸ್‌ನ ವಿಲನ್ ಯಾರು ಸ್ವಾಮಿ?

ಗಾಂಧಿ ಕ್ಲಾಸ್ ಪ್ರೇಕ್ಷಕನೊಬ್ಬ ಲಿಥುವೇನಿಯಾದ ಚಿತ್ರಗಳನ್ನೂ ಅದರ ನೆರೆಹೊರೆಯವರ ಚಿತ್ರಗಳನ್ನೂ ನೋಡಿ ಬರೆದದ್ದು

ಸಿನಿಮಾ ಹುಚ್ಚರಲ್ಲಿ ಎರಡು ಪಂಗಡ. ಮೊದಲ ದಿನದ ಮೊದಲ ಆಟಕ್ಕೆ ನುಗ್ಗಿ, ಹೀರೋ ಎಂಟ್ರಿಗೆ ಪೇಪರ್ ಹರಿದು ತೂರಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಬರುವವರದು ಒಂದು. ಹೆಗಲಿಗೆ ಜೋಳಿಗೆ ನೇತುಹಾಕಿ, ಗಡ್ಡ ನೀವುತ್ತಾ, ಯೂರೋಪಿನ ಚಿತ್ರ ನೋಡಿ ಬಂದು ‘ಏನು ಫ್ರೇಮಿಂಗ್ ಅಂತೀರಿ!’ ಅನ್ನುವವರದು ಇನ್ನೊಂದು. ನಾನು ಅಪ್ಪಟ ಮೊದಲನೇ ಪಂಗಡದವನು. ಪಿಯುಸಿಗೆ ಅರ್ಧದಲ್ಲೇ ಕೈಮುಗಿದವನು. ‘ಓಂ’ ಅದೆಷ್ಟೋ ಸಲ ಮರುಬಿಡುಗಡೆಯಾಗಿದೆಯಲ್ಲ, ಆ ಗಲ್ಲಾಪೆಟ್ಟಿಗೆಯಲ್ಲಿ ನನ್ನ ದುಡ್ಡೂ ಒಂದಿಷ್ಟು ಬಿದ್ದಿದೆ.

ಅಂಥವನು ಲಿಥುವೇನಿಯಾ ಸಿನಿಮಾ ಬಗ್ಗೆ ಬರೆಯೋದಾ ಅಂತ ನಗಬೇಡಿ. ಕಾರಣ ಇದೆ.

ಸ್ವಿಟ್ಜರ್ಲೆಂಡಿನ ಲೊಕಾರ್ನೋದಲ್ಲಿ ಪ್ರತಿ ವರ್ಷ ಚಿತ್ರೋತ್ಸವ ನಡೆಯುತ್ತದೆ. ಗೆದ್ದವರಿಗೆ ಅಲ್ಲಿ ಕೊಡುವುದು ಚಿನ್ನದ ಚಿರತೆ. 2015ರಲ್ಲಿ ಅಲ್ಲಿನ ಹೊಸಬರ ವಿಭಾಗದ ಚಿರತೆಯನ್ನು ಹೊತ್ತು ತಂದದ್ದು ನಮ್ಮ ಮಂಡ್ಯ ಸೀಮೆಯ ‘ತಿಥಿ’. ಗಡ್ಡಪ್ಪ, ಸೆಂಚುರಿ ಗೌಡನ ‘ತಿಥಿ’! ಅದೇ ಲೊಕಾರ್ನೋದಲ್ಲಿ 2024ರಲ್ಲಿ ಎಲ್ಲಕ್ಕಿಂತ ದೊಡ್ಡ ಚಿರತೆ ಲಿಥುವೇನಿಯಾದ ಪಾಲಾಯಿತು. ಅಷ್ಟು ಸಾಲದು ಅಂತ ಆ ಸಲದ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯೂ ಇನ್ನೊಬ್ಬ ಲಿಥುವೇನಿಯನ್‌ಗೇ ಹೋಯಿತು. ಸುದ್ದಿ ಓದಿದಾಗ ನನಗೆ ಅನ್ನಿಸಿದ್ದು ಒಂದೇ: ಯಾರಪ್ಪಾ ಇವರು? ಮಂಡ್ಯದವರ ಪಕ್ಕದಲ್ಲಿ ನಿಂತು ಚಿರತೆ ಹಿಡಿಯುವ ಈ ಜನ ಎಲ್ಲಿಯವರು?

ಆವತ್ತಿನಿಂದ ಹುಡುಕಿ ಹುಡುಕಿ ನೋಡಿದೆ. ಕೆಲವು ಫಿಲ್ಮ್ ಸೊಸೈಟಿಯಲ್ಲಿ, ಕೆಲವು ಗೆಳೆಯನ ಲ್ಯಾಪ್‌ಟಾಪಿನಲ್ಲಿ, ಕೆಲವು ನನ್ನದೇ ಅಂಗೈ ಅಗಲದ ಮೊಬೈಲಿನಲ್ಲಿ. ಪಂಡಿತರ ವಿಮರ್ಶೆ ಬೇಕಿದ್ದವರು ಪುಟ ತಿರುವಿಕೊಳ್ಳಿ. ಇಲ್ಲಿರುವುದು ಸಾಮಾನ್ಯ ಪ್ರೇಕ್ಷಕನ ಅಭಿಪ್ರಾಯ. ಹಿಡಿಸಿದ್ದಕ್ಕೆ ಶಿಳ್ಳೆ, ಹಿಡಿಸದ್ದಕ್ಕೆ ಆಕಳಿಕೆ!

ಪುಸ್ತಕದ ಕಳ್ಳಸಾಗಣೆ ಮಾಡಿದ ಜನ

ಮೊದಲು ದೇಶದ ಪರಿಚಯ ಆಗಲಿ. ಯೂರೋಪಿನ ಉತ್ತರಕ್ಕೆ ಬಾಲ್ಟಿಕ್ ಸಮುದ್ರದ ದಡದಲ್ಲಿ ಸಾಲಾಗಿ ಮೂರು ಪುಟ್ಟ ದೇಶಗಳು: ಎಸ್ತೋನಿಯಾ, ಲಾಟ್ವಿಯಾ, ಲಿಥುವೇನಿಯಾ. ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್. ಇಡೀ ದೇಶದ ಜನಸಂಖ್ಯೆ 30 ಲಕ್ಷವೂ ಇಲ್ಲ. ನಮ್ಮ ಬೆಂಗಳೂರಿನ ಮೂರನೇ ಒಂದು ಪಾಲಿಗೂ ಕಡಿಮೆ!

ಅವರ ಭಾಷೆ ಮಾತ್ರ ಬಲು ಹಳೆಯದು. ಕಿವಿಗೊಟ್ಟು ಕೇಳಿದರೆ ಬೆಚ್ಚಿಬೀಳುತ್ತೀರಿ. ಬೆಂಕಿಗೆ ಅವರು ‘ಉಗ್ನಿಸ್’ ಅಂತಾರೆ, ನಮ್ಮ ಅಗ್ನಿ. ಮಗನಿಗೆ ‘ಸೂನುಸ್’, ಸಂಸ್ಕೃತದ ಸೂನು. ಹಲ್ಲಿಗೆ ‘ದಾಂತಿಸ್’, ನಮ್ಮ ದಂತ. ಹೊಗೆಗೆ ‘ದೂಮೈ’, ಧೂಮ. ಯಾವ ದೇಶ, ಯಾವ ನಂಟು! ಸಂಸ್ಕೃತಕ್ಕೂ ಅವರ ಭಾಷೆಗೂ ಬೇರು ಒಂದೇ ಅಂತ ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ.

ಆ ಭಾಷೆ ಉಳಿದದ್ದೇ ಒಂದು ಸಿನಿಮಾ ಕತೆ. ರಷ್ಯಾದ ತ್ಸಾರ್ ದೊರೆಗಳು ಆಳುತ್ತಿದ್ದಾಗ, 1864ರಿಂದ 1904ರ ತನಕ, ಲಿಥುವೇನಿಯನ್ ಭಾಷೆಯನ್ನು ಅದರ ಸ್ವಂತ ಲಿಪಿಯಲ್ಲಿ ಅಚ್ಚು ಹಾಕುವುದಕ್ಕೇ ನಿಷೇಧ. ಏನು ಮಾಡಿದರು ಗೊತ್ತೇ? ಗಡಿಯಾಚೆ ಪ್ರಷ್ಯಾದಲ್ಲಿ ಪುಸ್ತಕ ಅಚ್ಚು ಮಾಡಿಸಿ, ಬೆನ್ನಿಗೆ ಕಟ್ಟಿಕೊಂಡು, ರಾತ್ರೋರಾತ್ರಿ ಗಡಿ ದಾಟಿಸಿ ತಂದರು. ನಮ್ಮ ಸಿನಿಮಾಗಳಲ್ಲಿ ಚಿನ್ನದ ಬಿಸ್ಕತ್ತು, ಗಂಧದ ಮರ ಸಾಗಿಸುತ್ತಾರೆ. ಈ ಪುಣ್ಯಾತ್ಮರು ಸಾಗಿಸಿದ್ದು ಅಕ್ಷರವನ್ನು! ಸಿಕ್ಕಿಬಿದ್ದವರು ಜೈಲಿಗೆ, ಸೈಬೀರಿಯಾಕ್ಕೆ ಹೋದರು.

1918ರಲ್ಲಿ ಸ್ವಾತಂತ್ರ್ಯ ಘೋಷಣೆ. 1940ರಲ್ಲಿ ಸೋವಿಯತ್ ಒಕ್ಕೂಟ ನುಂಗಿತು. ನಡುವೆ ಹಿಟ್ಲರನ ಸೈನ್ಯ ಬಂತು, ಹೋಯಿತು; ಮತ್ತೆ ಸೋವಿಯತ್. ಕೊನೆಗೆ 1990ರ ಮಾರ್ಚ್ 11ರಂದು ‘ನಾವು ಸ್ವತಂತ್ರರು’ ಅಂತ ಸಾರಿದರು. ಈ ಇತಿಹಾಸ ಯಾಕೆ ಹೇಳಿದೆ ಅಂದರೆ, ಅವರ ಸಿನಿಮಾದ ಕೀಲಿಕೈ ಇರುವುದೇ ಇಲ್ಲಿ.

ನಾಲ್ಕು ಅಣ್ಣತಮ್ಮಂದಿರು, ಒಂದು ಸೇಡು

ನಮ್ಮಂಥವರು ಮೊದಲು ನೋಡಬೇಕಾದ ಚಿತ್ರ 1965ರ ‘ಸಾಯಲು ಯಾರಿಗೂ ಮನಸ್ಸಿರಲಿಲ್ಲ’. ಹೆಸರು ಕೇಳಿ ಕಲಾತ್ಮಕ ಅಂತ ಹೆದರಬೇಡಿ. ನಿರ್ದೇಶಕ ವಿತೌತಾಸ್ ಝಲಾಕೆವಿಚಿಯುಸ್ ಪಕ್ಕಾ ಕೌಬಾಯ್ ಚಿತ್ರದ ಧಾಟಿಯಲ್ಲೇ ತೆಗೆದಿದ್ದಾರೆ. ಮಹಾಯುದ್ಧ ಮುಗಿದ ಹೊಸತು. ಒಂದು ಹಳ್ಳಿ, ಸುತ್ತ ಕಾಡು. ಕಾಡಿನಲ್ಲಿ ಬಂದೂಕು ಹಿಡಿದವರ ಗುಂಪು. ಹಳ್ಳಿಯ ಅಧ್ಯಕ್ಷ ಮುದುಕ ಲೋಕಿಸ್‌ನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಅವನ ನಾಲ್ಕು ಮಕ್ಕಳು ಸೇಡಿಗೆ ಎದ್ದು ನಿಲ್ಲುತ್ತಾರೆ. ಹೇಳಿ, ಇದಕ್ಕಿಂತ ಮಾಸ್ ಕತೆ ಬೇಕೇ?

ಫೈಟಿಂಗ್ ಇದೆ, ಕುದುರೆ ಇದೆ, ಪ್ರೇಮವೂ ಇದೆ. ಯೋನಾಸ್ ಗ್ರಿಸಿಯುಸ್‌ರ ಕಪ್ಪು ಬಿಳುಪು ಛಾಯಾಗ್ರಹಣದಲ್ಲಿ ಆ ಕಾಡೇ ಒಂದು ಪಾತ್ರದ ಹಾಗೆ ನಿಂತಿದೆ. ಆದರೆ ಚಿತ್ರದ ಜೀವ ಇರುವುದು ವೈಟ್ಕುಸ್ ಎಂಬ ಪಾತ್ರದಲ್ಲಿ. ಒಂದು ಕಾಲಕ್ಕೆ ಕಾಡಿನವರ ಜೊತೆಗಿದ್ದು, ಈಗ ಬಂದೂಕು ಕೆಳಗಿಟ್ಟು ತೆಪ್ಪಗೆ ಬದುಕುತ್ತಿರುವವನು. ಅವನನ್ನೇ ಎಳೆದು ತಂದು, ‘ನೀನೇ ಅಧ್ಯಕ್ಷನಾಗು’ ಅಂತ ಕೊಲೆಯಾದವನ ಕುರ್ಚಿಯ ಮೇಲೆ ಕೂರಿಸುತ್ತಾರೆ. ಈ ಕಡೆ ಗುಂಡು, ಆ ಕಡೆ ಗುಂಡು. ಈ ಪಾತ್ರ ಮಾಡಿದ ಡೊನಾಟಾಸ್ ಬಾನಿಯೋನಿಸ್‌ರಿಗೆ 1966ರ ಕಾರ್ಲೋವಿ ವಾರಿ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮುಖದಲ್ಲಿ ಹೀರೋ ಕಳೆಯೇ ಇಲ್ಲ; ಪಕ್ಕದ್ಮನೆ ಮೇಷ್ಟ್ರ ಹಾಗಿದ್ದಾರೆ. ಆದರೆ ಅವರು ಸುಮ್ಮನೆ ಕೂತರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಸರಿ, ಶಿಳ್ಳೆ ಹೊಡೆದಾಯಿತು. ಈಗ ಅಸಲು ವಿಷಯಕ್ಕೆ ಬನ್ನಿ.

ಕಾಡಿನಲ್ಲಿದ್ದ ಆ ‘ವಿಲನ್’ಗಳು ಯಾರು? ಚಿತ್ರದ ಪ್ರಕಾರ ಡಕಾಯಿತರು. ನಿಜ ಜೀವನದಲ್ಲಿ ಸೋವಿಯತ್ ಆಳ್ವಿಕೆಯ ವಿರುದ್ಧ 1944ರಿಂದ 1953ರ ತನಕ ಕಾಡು ಸೇರಿ ಹೋರಾಡಿದವರು. ಇವತ್ತಿನ ಲಿಥುವೇನಿಯಾದಲ್ಲಿ ಅವರಿಗೆ ಸ್ವಾತಂತ್ರ್ಯ ಯೋಧರ ಗೌರವ ಇದೆ. ಹಾಗಾದರೆ ಅದೇ ದೇಶದ ಚಿತ್ರದಲ್ಲಿ ಅವರು ವಿಲನ್ ಆದದ್ದು ಹೇಗೆ? ಸ್ಟುಡಿಯೋ ಸರ್ಕಾರದ್ದು, ದುಡ್ಡು ಸರ್ಕಾರದ್ದು, ಕತೆಗೆ ಮಾಸ್ಕೋದ ಒಪ್ಪಿಗೆ ಬೇಕು. ವಿಲನ್ ಯಾರು ಅಂತ ತೀರ್ಮಾನಿಸಿದ್ದು ಕತೆ ಬರೆದವನಲ್ಲ, ಚೆಕ್ ಬರೆದವನು!

ಹಾಗಂತ ಚಿತ್ರವನ್ನು ಕಸದ ಬುಟ್ಟಿಗೆ ಹಾಕೋಣವೇ? ಆಗೋದಿಲ್ಲ. ಹೆಸರನ್ನೇ ನೋಡಿ: ‘ಸಾಯಲು ಯಾರಿಗೂ ಮನಸ್ಸಿರಲಿಲ್ಲ’. ‘ಯಾರಿಗೂ’ ಅಂದರೆ ಯಾರಿಗೂ! ಊರಿನವರಿಗೂ, ಕಾಡಿನವರಿಗೂ. ಕಟ್ಟಿದ ಕೈಯಲ್ಲೇ ನಿರ್ದೇಶಕ ಇಷ್ಟು ಸತ್ಯವನ್ನು ಗಡಿ ದಾಟಿಸಿಬಿಟ್ಟರು. ಹಿಂದಿನವರು ಬೆನ್ನಿಗೆ ಪುಸ್ತಕ ಕಟ್ಟಿಕೊಂಡು ದಾಟಿಸಿದ ಹಾಗೆಯೇ ಇದು ಅಂತ ನನ್ನ ಅಭಿಪ್ರಾಯ. ನಮ್ಮ ತೆರೆಯ ಮೇಲೆ ಹೀರೋ ವಿಲನ್‌ಗೆ ಬಾರಿಸುವಾಗ ನಾವು ಕುಣಿಯುತ್ತೇವೆ, ಸರಿ. ಆ ವಿಲನ್‌ನ ಜಾತಿ, ಬಣ್ಣ, ಭಾಷೆ, ಊರು ಯಾರು ಆರಿಸಿದರು? ಒಂದು ಸಲವಾದರೂ ಕೇಳಿದ್ದೇವಾ?

ದನಿ ಕಳೆದುಕೊಂಡ ಹೀರೋ

ಬಾನಿಯೋನಿಸ್‌ರನ್ನು ಇಡೀ ಜಗತ್ತು ಬಲ್ಲದ್ದು ಇನ್ನೊಂದು ಚಿತ್ರದಿಂದ. 1972ರಲ್ಲಿ ಬಂದ, ರಷ್ಯಾದ ಆಂದ್ರೇ ತಾರ್ಕೋವ್ಸ್ಕಿಯವರ ‘ಸೊಲಾರಿಸ್’. ಬಾಹ್ಯಾಕಾಶ ನಿಲ್ದಾಣವೊಂದಕ್ಕೆ ಹೋದ ಮನಶ್ಶಾಸ್ತ್ರಜ್ಞ. ಕೆಳಗೆ ಸಮುದ್ರವೇ ತುಂಬಿದ ಗ್ರಹ. ಅಲ್ಲಿ ಸತ್ತುಹೋದ ಹೆಂಡತಿ ಜೀವಂತ ಎದ್ದು ಬರುತ್ತಾಳೆ. ಕತೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಚಿತ್ರ ಮಾತ್ರ ಬಹಳ ನಿಧಾನ ಸ್ವಾಮಿ! ಕಾರೊಂದು ರಸ್ತೆಯಲ್ಲಿ ಹೋಗ್ತಾ ಇರತ್ತೆ, ಹೋಗ್ತಾನೇ ಇರತ್ತೆ. ಟೋಕಿಯೋದಲ್ಲಿ ತೆಗೆದದ್ದಂತೆ. ನಮ್ಮ ಚಿತ್ರಮಂದಿರದಲ್ಲಾಗಿದ್ದರೆ ಅಷ್ಟರಲ್ಲಿ ಜನ ಎದ್ದು ಹೋಗಿ ಟೀ ಕುಡಿದು ಬಂದಿರುತ್ತಿದ್ದರು. ಆದರೆ ಆ ಹೆಂಡತಿ ‘ನಾನು ಯಾರು?’ ಅನ್ನುವ ಹಾಗೆ ಗಂಡನ ಮುಖ ನೋಡುವ ಘಟ್ಟ ಬಂದಾಗ, ಕಾದದ್ದು ಸಾರ್ಥಕ ಅನ್ನಿಸುತ್ತದೆ.

ನಾನು ಹೇಳಹೊರಟದ್ದು ಬೇರೆ. ಆ ಚಿತ್ರದಲ್ಲಿ ಬಾನಿಯೋನಿಸ್‌ರ ಮುಖ ಇದೆ, ದನಿ ಇಲ್ಲ! ಅವರ ರಷ್ಯನ್ ಮಾತಿನಲ್ಲಿ ಲಿಥುವೇನಿಯನ್ ಎಳೆತ ಇತ್ತು. ಹಾಗಾಗಿ ವ್ಲಾಡಿಮಿರ್ ಜಮಾನ್ಸ್ಕಿ ಎಂಬ ರಷ್ಯನ್ ನಟರ ದನಿ ಕೂರಿಸಿದರು. ಇದು ಅವರೊಬ್ಬರ ಕತೆಯಲ್ಲ. 1971ರ ರಷ್ಯನ್ ‘ಕಿಂಗ್ ಲಿಯರ್’ನಲ್ಲಿ ರಾಜನಾದವರು ಎಸ್ತೋನಿಯಾದ ಯೂರಿ ಯಾರ್ವೆಟ್, ಅವರಿಗೂ ಬೇರೆಯವರ ದನಿ. ಅದೇ ಚಿತ್ರದಲ್ಲಿ ಲಿಥುವೇನಿಯಾದ ಬಾನಿಯೋನಿಸ್, ರೆಗಿಮಾಂತಾಸ್ ಅದೋಮೈತಿಸ್, ಯುವೋಜಾಸ್ ಬುದ್ರೈತಿಸ್ ಮೂವರೂ ಇದ್ದಾರೆ. ಕ್ಯಾಮೆರಾ ಹಿಂದೆ ನಿಂತದ್ದೂ ನಾನು ಮೇಲೆ ಹೇಳಿದ ಗ್ರಿಸಿಯುಸ್. ಪುಟ್ಟ ದೇಶಗಳ ಮುಖ ಬೇಕು, ಕಣ್ಣು ಬೇಕು, ನಾಲಿಗೆ ಮಾತ್ರ ಬೇಡ!

ಕನ್ನಡ ಪ್ರೇಕ್ಷಕನಿಗೆ ಇದು ಚುರ್ ಅನ್ನುತ್ತದೆ. ಅಣ್ಣಾವ್ರ ಹಾಡಿಗೆ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ದನಿಯಾದರು, ನಾವು ತಲೆದೂಗಿದೆವು. ಆದರೆ ಅಣ್ಣಾವ್ರ ಮಾತಿಗೆ ಬೇರೆಯವರ ದನಿ ಅಂಟಿಸಿದರೆ? ಕುರ್ಚಿ ಮುರಿಯುತ್ತಿದ್ದೆವೋ ಇಲ್ಲವೋ? ಕನ್ನಡದಲ್ಲಿ ಡಬ್ಬಿಂಗ್ ಬೇಕೇ ಬೇಡವೇ ಅಂತ ದಶಕಗಟ್ಟಲೆ ಕಿತ್ತಾಡಿದ್ದೇವೆ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಹೇಳಿತು. ಈಗ ಬಾಗಿಲು ತೆರೆದಿದೆ, ನಮ್ಮ ಚಿತ್ರಗಳೂ ಬೇರೆ ಭಾಷೆಗೆ ಹೋಗುತ್ತಿವೆ. ನಾನು ಡಬ್ಬಿಂಗ್ ವಿರೋಧಿಯಲ್ಲ. ನೋಡುವವನಿಗೆ ಅರ್ಥವಾಗಲಿ ಅಂತ ದನಿ ಬದಲಿಸುವುದು ಒಂದು. ‘ನಿನ್ನ ಎಳೆತ ನಮ್ಮ ಪರದೆಗೆ ಲಾಯಕ್ಕಿಲ್ಲ’ ಅಂತ ಬದಲಿಸುವುದು ಬೇರೆ. ಎರಡನೆಯದು ಅವಮಾನ. ಉತ್ತರ ಕರ್ನಾಟಕದ ಮಾತನ್ನು ಬರೀ ಕಾಮಿಡಿಗೆ ಇಟ್ಟುಕೊಂಡ ನಮ್ಮ ಗಾಂಧಿನಗರವೂ ಇದನ್ನು ಕೊಂಚ ಯೋಚಿಸಬೇಕು.

ದೆವ್ವದ ಜೊತೆ ಅಗ್ರಿಮೆಂಟು

ಇಷ್ಟು ಗಂಭೀರ ಸಾಕು. ಹಾಡು ಕುಣಿತ ಬೇಕೇ? 1974ರ ‘ದೆವ್ವದ ಮದುಮಗಳು’ ನೋಡಿ. ಕಾಜಿಸ್ ಬೊರುತಾ ಬರೆದ ಜಾನಪದ ಶೈಲಿಯ ಕಾದಂಬರಿ ಆಧಾರ. ನಿರ್ದೇಶನ ಅರೂನಾಸ್ ಜೆಬ್ರಿಯೂನಾಸ್. ಮಾತೆಲ್ಲ ಹಾಡೇ! ನಮ್ಮ ಹಳೇ ಕಂಪೆನಿ ನಾಟಕ ನೋಡಿದವರಿಗೆ ಇದು ಹೊಸದಲ್ಲ.

ಹಿಟ್ಟಿನ ಗಿರಣಿಯ ಯಜಮಾನ ಬಾಲ್ತಾರಾಗಿಸ್. ಕೆರೆಯಲ್ಲಿ ಪಿಂಚುಕಸ್ ಎಂಬ ದೆವ್ವ. ಗಿರಣಿಯವನಿಗೆ ಚೆಲುವೆ ಮಾರ್ಸೆಲೆ ಮೇಲೆ ಮನಸ್ಸು. ‘ಮದುವೆ ಮಾಡಿಸ್ತೀನಿ, ಆದರೆ ನಿನಗೆ ಹುಟ್ಟೋ ಮಗಳು ನನಗೆ’ ಅನ್ನುತ್ತದೆ ದೆವ್ವ. ಪ್ರೇಮದ ಮಂಕಿನಲ್ಲಿ ಇವನು ಒಪ್ಪಿಬಿಡುತ್ತಾನೆ. ಹೆಂಡತಿ ಹೆರಿಗೆಯಲ್ಲಿ ಸಾಯುತ್ತಾಳೆ, ಮಗಳು ಯೂರ್ಗಾ ಅಮ್ಮನ ಪಡಿಯಚ್ಚಾಗಿ ಬೆಳೆಯುತ್ತಾಳೆ. ಅಮ್ಮ, ಮಗಳು ಎರಡೂ ಪಾತ್ರ ಒಬ್ಬರೇ ನಟಿ, ವೈವಾ ಮೈನೆಲಿತೆ. ಡಬಲ್ ರೋಲ್! ಕುದುರೆ ಏರಿ ಬರುವ ಪ್ರೇಮಿ ಗಿರ್ದ್ವೈನಿಸ್ ಆಗಿ ಅದೋಮೈತಿಸ್. ತುಟಿ ಆಡಿಸಿದ್ದು ನಟರು, ಹಾಡಿದ್ದು ಗಾಯಕರು. ಯೂರ್ಗಾಳ ದನಿ ನಿಯೋಲೆ ಶ್ಚುಕೈತೆಯವರದು. ಅಂದರೆ ನಮ್ಮ ಹಿನ್ನೆಲೆ ಗಾಯನದ ಪದ್ಧತಿಯೇ. ವ್ಯಾಚೆಸ್ಲಾವ್ ಗಾನೆಲಿನ್‌ರ ಸಂಗೀತ ಆ ಕಾಲದ ರಾಕ್ ಶೈಲಿ. ಡ್ರಮ್ಮು, ಗಿಟಾರು, ದೆವ್ವದ ಕೇಕೆ!

ನೋಡುತ್ತಾ ನನಗೆ ‘ಕಾಂತಾರ’ ನೆನಪಾಯಿತು. ಕತೆ ಒಂದೇ ಅಂತಲ್ಲ. ಎರಡಕ್ಕೂ ಬೇರು ನೆಲದಲ್ಲಿದೆ. ತಮ್ಮ ಊರಿನ ದೈವ, ತಮ್ಮ ಊರಿನ ದೆವ್ವ, ಅಜ್ಜಿ ಹೇಳಿದ ಕತೆ, ಇವನ್ನು ನಾಚಿಕೆಪಡದೆ ತೆರೆಗೆ ತಂದರೆ ಜನ ಕೈಬಿಡುವುದಿಲ್ಲ ಅನ್ನುವುದಕ್ಕೆ ಎರಡೂ ಸಾಕ್ಷಿ. ಆ ದೇಶದಲ್ಲಿ ಈ ಹಾಡುಗಳು ಇವತ್ತಿಗೂ ಬದುಕಿವೆ.

ಇದೇ ಜೆಬ್ರಿಯೂನಾಸ್ 1969ರಲ್ಲಿ ‘ಚೆಲುವೆ’ ಅಂತ ಪುಟ್ಟ ಚಿತ್ರ ತೆಗೆದಿದ್ದಾರೆ. ಓಣಿ ಮಕ್ಕಳು ವೃತ್ತವಾಗಿ ನಿಂತು ಆಡುವ ಆಟ. ನಡುವೆ ಒಬ್ಬಳು ಕುಣಿಯಬೇಕು, ಉಳಿದವರು ಅವಳನ್ನು ಹೊಗಳಬೇಕು. ಒಬ್ಬ ಹೊಸ ಹುಡುಗ ಬಂದು ‘ಇವಳೇನು ಚಂದ?’ ಅಂದುಬಿಡುತ್ತಾನೆ. ಅಷ್ಟೇ ಕತೆ. ಆ ಹುಡುಗಿ ಇಂಗಾ ಮಿತ್ಸ್ಕಿತೆಯ ಮುಖ ಸಪ್ಪಗಾಗುವ ಗಳಿಗೆ ಇದೆಯಲ್ಲ, ಕಲ್ಲೆದೆಯೂ ಕರಗಬೇಕು.

ಆಕಳಿಕೆ ತರಿಸಿದ್ದು, ನಿದ್ದೆ ಕೆಡಿಸಿದ್ದು

ಎಲ್ಲವನ್ನೂ ಹೊಗಳಿದರೆ ನೀವು ನನ್ನನ್ನು ಜೋಳಿಗೆ ಪಂಗಡಕ್ಕೆ ಸೇರಿಸಿಬಿಡುತ್ತೀರಿ. ಹಾಗಾಗಿ ನೇರವಾಗಿ ಹೇಳುತ್ತೇನೆ. ಶರೂನಾಸ್ ಬಾರ್ತಾಸ್ ಎಂಬ ನಿರ್ದೇಶಕರು ಯೂರೋಪಿನ ಚಿತ್ರೋತ್ಸವಗಳಲ್ಲಿ ದೊಡ್ಡ ಹೆಸರು. ಅವರ 1995ರ ‘ಕಾರಿಡಾರ್’ನಲ್ಲಿ ಮಾತೇ ಇಲ್ಲ. ಹಳೇ ಕಟ್ಟಡ, ಮಂಕು ಬೆಳಕು, ಮನುಷ್ಯರು ಕೂತಿದ್ದಾರೆ, ನೋಡುತ್ತಿದ್ದಾರೆ. ನಾನೂ ನೋಡಿದೆ. ಅವರೂ ನೋಡಿದರು. ಆಕಳಿಕೆ ಬಂತು.

ಆದರೂ ಒಂದು ಮಾತು. 1991ರ ಜನವರಿಯಲ್ಲಿ ಸೋವಿಯತ್ ಸೈನ್ಯ ವಿಲ್ನಿಯಸ್‌ಗೆ ನುಗ್ಗಿತು. ಹಿಡಿದದ್ದು ಪತ್ರಿಕಾ ಭವನ, ಆಮೇಲೆ ಟಿವಿ ಗೋಪುರ. ಬರಿಗೈಯಲ್ಲಿ ಅಡ್ಡ ನಿಂತ ಜನರಲ್ಲಿ 14 ಮಂದಿ ಸತ್ತರು. ಟ್ಯಾಂಕಿಗೆ ಬೇಕಾದದ್ದು ಖಜಾನೆಯಲ್ಲ, ಆ ದೇಶದ ಬಾಯಿ! ಅಂಥ ದಿನಗಳನ್ನು ದಾಟಿ ಬಂದ ಜನ ಸ್ವಲ್ಪ ಕಾಲ ಮಾತು ನಿಲ್ಲಿಸಿ ಗೋಡೆ ನೋಡಿದರೆ ಅದಕ್ಕೂ ಅರ್ಥ ಇರಬಹುದು. ಅರ್ಥ ಇದ್ದ ಮಾತ್ರಕ್ಕೆ ಎರಡನೇ ಸಲ ನೋಡುತ್ತೇನಾ? ಕ್ಷಮಿಸಿ, ಇಲ್ಲ.

ನಿದ್ದೆ ಕೆಡಿಸಿದ್ದು ಯೋನಾಸ್ ಮೇಕಾಸ್. 1922ರಲ್ಲಿ ಲಿಥುವೇನಿಯಾದ ಹಳ್ಳಿಯೊಂದರಲ್ಲಿ ಹುಟ್ಟಿ, 1944ರಲ್ಲಿ ಯುದ್ಧದ ನಡುವೆ ಊರು ಬಿಟ್ಟು, ನಿರಾಶ್ರಿತರ ಶಿಬಿರಗಳಲ್ಲಿ ಅಲೆದು, 1949ರಲ್ಲಿ ನ್ಯೂಯಾರ್ಕ್ ಸೇರಿದವರು. ಬಂದ ಹೊಸತರಲ್ಲೇ ಒಂದು ಬೋಲೆಕ್ಸ್ ಕ್ಯಾಮೆರಾ ಸಂಪಾದಿಸಿ, ಡೈರಿ ಬರೆಯುವ ಹಾಗೆ ಕಂಡದ್ದನ್ನೆಲ್ಲ ಚಿತ್ರ ಹಿಡಿದರು. 1971ರಲ್ಲಿ ಊರಿಗೆ ಮರಳಲು ಅನುಮತಿ ಸಿಕ್ಕಿತು. ಆ ಭೇಟಿಯೇ 1972ರ ‘ಲಿಥುವೇನಿಯಾ ಪ್ರಯಾಣದ ನೆನಪುಗಳು’. ಹೀರೋ ಇಲ್ಲ, ಕತೆ ಇಲ್ಲ, ಕ್ಯಾಮೆರಾ ಕುಣಿಯುತ್ತದೆ. ಇಪ್ಪತ್ತೈದು ವರ್ಷ ಮೀರಿ ಕಾದ ಮುದಿ ತಾಯಿ ಅಂಗಳದಲ್ಲಿ ಒಲೆ ಹೂಡಿ ಅಡುಗೆ ಮಾಡುತ್ತಾಳೆ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ಹುಡುಗಾಟ ಆಡುತ್ತಾರೆ. ಅಷ್ಟೇ. ದುಬೈಗೋ ಮುಂಬೈಗೋ ಕೆಲಸಕ್ಕೆ ಹೋಗಿ ವರ್ಷಗಳ ಮೇಲೆ ಊರಿಗೆ ಬಂದವರನ್ನು ಕೇಳಿ ನೋಡಿ, ಅವರಿಗೆ ಈ ಚಿತ್ರ ಅರ್ಥ ಮಾಡಿಸಲು ಪಂಡಿತರು ಬೇಡ. ಮೇಕಾಸ್ 2019ರಲ್ಲಿ ನ್ಯೂಯಾರ್ಕಿನಲ್ಲೇ ತೀರಿಕೊಂಡರು.

ನೆರೆಮನೆಯ ಚಿತ್ರಗಳು

ಇಷ್ಟು ದೂರ ಬಂದಿದ್ದೇವೆ, ಅಕ್ಕಪಕ್ಕವೂ ಇಣುಕಿ ಬರೋಣ.

ಎಸ್ತೋನಿಯಾ ಮತ್ತು ಜಾರ್ಜಿಯಾ ಸೇರಿ ಮಾಡಿದ ‘ಟ್ಯಾಂಜರೀನ್ಸ್’ (2013) ನನ್ನ ಪಟ್ಟಿಯಲ್ಲಿ ನಂಬರ್ ಒನ್. 1992ರ ಅಬ್ಖಾಜಿಯಾ ಯುದ್ಧ. ಊರೆಲ್ಲ ಖಾಲಿ. ಕಿತ್ತಳೆ ತುಂಬುವ ಪೆಟ್ಟಿಗೆ ಮಾಡುತ್ತಾ ಉಳಿದುಕೊಂಡ ಮುದುಕ ಇವೋ. ಮನೆ ಮುಂದೆ ಗುಂಡಿನ ಕಾಳಗವಾಗಿ ಎರಡೂ ಕಡೆಯ ಒಬ್ಬೊಬ್ಬ ಸೈನಿಕ ಗಾಯಗೊಂಡು ಉಳಿಯುತ್ತಾನೆ. ಮುದುಕ ಇಬ್ಬರನ್ನೂ ಒಂದೇ ಮನೆಯಲ್ಲಿ ಮಲಗಿಸಿ ಆರೈಕೆ ಮಾಡುತ್ತಾನೆ. ಒಬ್ಬ ಇನ್ನೊಬ್ಬನನ್ನು ಕೊಲ್ಲುತ್ತೇನೆ ಅಂತ ಹಲ್ಲು ಕಡಿಯುತ್ತಾನೆ. ‘ನನ್ನ ಮನೆಯೊಳಗೆ ಕೊಲೆ ಆಗಕೂಡದು’ ಅನ್ನುತ್ತಾನೆ ಮುದುಕ. ಮುದುಕನಾಗಿ ಲೆಂಬಿತ್ ಉಲ್ಫ್‌ಸಾಕ್ ದನಿ ಎತ್ತದೆಯೇ ಇಡೀ ಚಿತ್ರವನ್ನು ಹೊತ್ತಿದ್ದಾರೆ. ಇಲ್ಲಿ ವಿಲನ್ ಯಾರು? ಹುಡುಕಿ ಸಾಕಾಗಿ ಕೊನೆಗೆ ಯುದ್ಧವೇ ಅಂತ ಗೊತ್ತಾಗುತ್ತದೆ.

ಫಿನ್ಲೆಂಡಿನ ಅಕಿ ಕೌರಿಸ್ಮಾಕಿಯವರ ‘ಫಾಲನ್ ಲೀವ್ಸ್’ (2023) ಬರೀ 81 ನಿಮಿಷ. ಅವಧಿ ಮೀರಿದ ತಿಂಡಿ ಮನೆಗೊಯ್ದಳು ಅಂತ ಕೆಲಸ ಕಳೆದುಕೊಂಡ ಸೂಪರ್ ಮಾರ್ಕೆಟ್ ಹುಡುಗಿ. ಕುಡಿತಕ್ಕೆ ಬಿದ್ದ ಕಾರ್ಮಿಕ. ಅವಳು ಬರೆದುಕೊಟ್ಟ ಫೋನ್ ನಂಬರಿನ ಚೀಟಿ ಇವನ ಜೇಬಿನಿಂದ ಗಾಳಿಗೆ ಹಾರಿಹೋಗುತ್ತದೆ. ಪಕ್ಕಾ ನಮ್ಮ ಪುಟ್ಟಣ್ಣನವರ ಕಾಲದ ವಿಧಿ ವಿಲಾಸ! ಮುಖದಲ್ಲಿ ಒಂದು ಗೆರೆ ಅಲುಗಿಸದೆ ನಗಿಸುತ್ತಾರೆ. ಕೂಲಿಯವರ ಪ್ರೇಮಕ್ಕೆ ಡ್ಯೂಯೆಟ್ಟು ಬೇಡ ಅಂತ ಇದನ್ನು ನೋಡಿದ ಮೇಲೆ ಗೊತ್ತಾಯಿತು.

ಲಾಟ್ವಿಯಾದ ‘ಫ್ಲೋ’ (2024) ಬೆಕ್ಕಿನ ಕತೆ. ಲೋಕವೆಲ್ಲ ನೆರೆಯಲ್ಲಿ ಮುಳುಗಿ, ಪ್ರಾಣಿಗಳು ಒಂದು ದೋಣಿಯಲ್ಲಿ ಸೇರುತ್ತವೆ. ಒಂದೇ ಒಂದು ಮಾತಿಲ್ಲ. ಡಬ್ಬಿಂಗ್ ಜಗಳವೇ ಇಲ್ಲ! ಗಿಂಟ್ಸ್ ಜಿಲ್ಬಲೋಡಿಸ್ ಇದನ್ನು ಮಾಡಿದ್ದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ತಂತ್ರಾಂಶದಲ್ಲಿ. 2025ರ ಮಾರ್ಚ್‌ನಲ್ಲಿ ಹಾಲಿವುಡ್‌ನ ದೈತ್ಯರನ್ನು ಹಿಂದಿಕ್ಕಿ ಆನಿಮೇಷನ್ ಆಸ್ಕರ್ ಗೆದ್ದಿತು. ಲಾಟ್ವಿಯಾಕ್ಕೆ ಅದು ಮೊದಲ ಆಸ್ಕರ್. ಕಂಪ್ಯೂಟರ್ ಇರುವ ನಮ್ಮ ಹುಡುಗರೇ, ಕೇಳಿಸಿತೇ?

ಇನ್ನು ಹಳೇ ಇಟಲಿಯ ‘ಬೈಸಿಕಲ್ ಥೀವ್ಸ್’ (1948) ಬಿಟ್ಟರೆ ಪಾಪ ಬರುತ್ತದೆ. ಹೀರೋನ ಕೆಲಸ ಏನು ಗೊತ್ತೇ? ಗೋಡೆಗೆ ಪೋಸ್ಟರ್ ಅಂಟಿಸುವುದು! ರೀಟಾ ಹೇವರ್ತ್‌ಳ ಸಿನಿಮಾ ಪೋಸ್ಟರ್ ಹಚ್ಚುತ್ತಿರುವಾಗಲೇ ಅವನ ಸೈಕಲ್ ಕಳುವಾಗುತ್ತದೆ. ಆ ಪಾತ್ರ ಮಾಡಿದ ಲಾಂಬೆರ್ತೋ ಮಜ್ಜೊರಾನಿ ನಿಜವಾಗಿಯೂ ಕಾರ್ಖಾನೆ ಕಾರ್ಮಿಕ. 1952ರಲ್ಲಿ ನಮ್ಮ ದೇಶದ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಬಂದು ಇಲ್ಲಿನ ಸಿನಿಮಾ ಮಂದಿಯ ಕಣ್ಣು ತೆರೆಸಿದ ಚಿತ್ರಗಳಲ್ಲಿ ಇದೂ ಒಂದು.

ಚಿತ್ರ ಮಾಡಲು ಹೋಗಿ ಪ್ರಾಣ ಕೊಟ್ಟವನು

ಮತ್ತೆ ಲಿಥುವೇನಿಯಾಕ್ಕೆ ಬರೋಣ. ಮಾಂತಾಸ್ ಕ್ವೆದಾರಾವಿಚಿಯುಸ್ ಎಂಬ ನಿರ್ದೇಶಕ ಉಕ್ರೇನಿನ ಮರಿಯುಪೋಲ್ ನಗರದ ಬಗ್ಗೆ 2016ರಲ್ಲಿ ‘ಮರಿಯುಪೋಲಿಸ್’ ಎಂಬ ಸಾಕ್ಷ್ಯಚಿತ್ರ ಮಾಡಿದ್ದರು. ಚಪ್ಪಲಿ ರಿಪೇರಿ ಮಾಡುವವನು, ಮೀನು ಹಿಡಿಯುವವರು, ಟ್ರಾಮು ಓಡಿಸುವವರು, ಇಂಥವರದೇ ಚಿತ್ರ. 2022ರಲ್ಲಿ ರಷ್ಯಾದ ಸೈನ್ಯ ಆ ಊರನ್ನು ಮುತ್ತಿದಾಗ, ಎಲ್ಲರೂ ಊರು ಬಿಟ್ಟು ಓಡುತ್ತಿದ್ದರೆ ಇವರು ಅಲ್ಲಿಗೆ ಮರಳಿ ಹೋದರು. ತಾನು ಚಿತ್ರ ಹಿಡಿದ ಜನ ಏನಾದರು ಅಂತ ನೋಡಲು. ಆ ವಸಂತದಲ್ಲೇ ಅಲ್ಲಿ ಕೊಲೆಯಾದರು. ಅವರನ್ನು ಮದುವೆಯಾಗಬೇಕಿದ್ದ ಹನ್ನಾ ಬಿಲೊಬ್ರೋವಾ ಶವವನ್ನೂ, ತೆಗೆದ ಚಿತ್ರವನ್ನೂ ಹೊರಕ್ಕೆ ತಂದರು. ಅದನ್ನು ಜೋಡಿಸಿ ಮಾಡಿದ ‘ಮರಿಯುಪೋಲಿಸ್ 2’ ಅದೇ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಅದರಲ್ಲಿ ಹೀರೋಯಿಸಂ ಇಲ್ಲ. ಚರ್ಚೊಂದರಲ್ಲಿ ಅಡಗಿದ ಜನ ಕಸ ಗುಡಿಸುತ್ತಾರೆ, ಅಂಗಳದಲ್ಲಿ ಸಾರು ಕುದಿಸುತ್ತಾರೆ. ದೂರದಲ್ಲಿ ಢಂ ಢಂ ಸದ್ದು. ಹಿನ್ನೆಲೆ ಸಂಗೀತವೂ ಇಲ್ಲ. ನಮ್ಮ ತೆರೆಯಲ್ಲಿ ಬಾಂಬ್ ಸಿಡಿದಾಗ ಸ್ಲೋ ಮೋಷನ್‌ನಲ್ಲಿ ಹೀರೋ ಕನ್ನಡಕ ಏರಿಸುತ್ತಾನೆ. ಇಲ್ಲಿ ಬಾಂಬ್ ಸಿಡಿದಾಗ ಮುದುಕಿ ಸಾರಿನ ಪಾತ್ರೆಗೆ ಮುಚ್ಚಳ ಹುಡುಕುವಷ್ಟೇ ಬದುಕು. ಚಿತ್ರ ಮುಗಿದ ಮೇಲೆ ಬಹಳ ಹೊತ್ತು ನನಗೆ ಮಾತು ಬರಲಿಲ್ಲ.

ಚಿರತೆ ಗೆದ್ದ ಹುಡುಗಿಯರು

ಕೊನೆಗೆ, ಚಿರತೆ ಗೆದ್ದ ಆ ಚಿತ್ರ. ಹೆಸರು ‘ಟಾಕ್ಸಿಕ್’. ಯಶ್ ಅವರ ಚಿತ್ರದ ಹೆಸರೂ ಅದೇ ಅಂತ ಓಡಿಬರಬೇಡಿ, ಇದು ಬೇರೆ! ನಿರ್ದೇಶಕಿ ಸೌಲೆ ಬ್ಲ್ಯುವೈತೆ ಅವರ ಮೊದಲ ಕಥಾಚಿತ್ರ. ಕಾರ್ಖಾನೆಗಳ ಒಂದು ಬಡ ಊರು. ಅಜ್ಜಿಯ ಮನೆಗೆ ಬಂದು ಬಿದ್ದ, ಕುಂಟುವ 13 ವರ್ಷದ ಮರಿಯಾ. ಅವಳ ಗೆಳತಿ ಕ್ರಿಸ್ತಿನಾ. ಊರಿಗೊಂದು ಮಾಡೆಲಿಂಗ್ ಶಾಲೆ ಬರುತ್ತದೆ: ‘ತೆಳ್ಳಗಾಗಿ, ಟೋಕಿಯೋಗೆ, ಪ್ಯಾರಿಸ್‌ಗೆ ಕಳಿಸ್ತೀವಿ’. ತೆಳ್ಳಗಾಗಲು ಆ ಮಕ್ಕಳು ಹೊಟ್ಟೆಯೊಳಗೆ ಹುಳ ಬೆಳೆಯುವ ಗುಳಿಗೆಯನ್ನೂ ನುಂಗಲು ತಯಾರು. ನೋಡಲು ಕಷ್ಟ. ನೋಡದಿರುವುದು ಇನ್ನೂ ಕಷ್ಟ. ‘ಸಿನಿಮಾ ಚಾನ್ಸ್ ಕೊಡಿಸ್ತೀವಿ, ಫೋಟೋಗೆ ದುಡ್ಡು ಕಟ್ಟಿ’ ಅನ್ನುವ ಬೋರ್ಡು ನಮ್ಮ ಊರುಗಳಲ್ಲೂ ಇಲ್ಲವೇ? ನಿಮ್ಮ ತಂಗಿಯನ್ನೋ ಗೆಳೆಯನನ್ನೋ ಅಂಥ ಬಾಗಿಲಿನಿಂದ ವಾಪಸು ಕರೆತರಲು ಈ ಒಂದು ಚಿತ್ರ ಸಾಕು.

ಆ ವರ್ಷದ ನಿರ್ದೇಶಕ ಪ್ರಶಸ್ತಿ ಗೆದ್ದ ಲೌರಿನಾಸ್ ಬಾರೈಶಾ ಅವರ ಚಿತ್ರದಲ್ಲಿ ಅಕ್ಕ ತಂಗಿಯರ ಎರಡು ಸಂಸಾರಗಳು ರಜೆಗೆಂದು ಕೆರೆ ದಂಡೆಯ ಮನೆಗೆ ಹೋಗಿ, ಒಂದು ಗಳಿಗೆಯಲ್ಲಿ ಎಲ್ಲ ಬುಡಮೇಲಾಗುತ್ತದೆ. ಕತೆ ಹಿಂದೆ ಮುಂದೆ ಜಿಗಿಯುತ್ತದೆ. ಸ್ವಲ್ಪ ತಲೆ ಓಡಿಸಬೇಕು. ಉಪೇಂದ್ರರ ಚಿತ್ರ ನೋಡಿ ಬೆಳೆದ ನಮಗೆ ಅದೇನು ಮಹಾ!

ನನ್ನ ತೀರ್ಪು

ಯೂರೋಪಿನ ಚಿತ್ರ ಎಂದರೆಲ್ಲ ಶ್ರೇಷ್ಠ ಅಂತ ನಾನು ಒಪ್ಪುವುದಿಲ್ಲ. ಅಲ್ಲಿಯೂ ಬೋರು ಬೋರೇ. ಮಾಸ್ ಚಿತ್ರ ಎಂದರೆಲ್ಲ ಕಳಪೆ ಅಂತಲೂ ಒಪ್ಪುವುದಿಲ್ಲ. ಲಿಥುವೇನಿಯಾದವರು ಸೇಡಿನ ಕತೆಯನ್ನೂ, ದೆವ್ವದ ಹಾಡನ್ನೂ ಎದೆಗಪ್ಪಿಕೊಂಡಿದ್ದಾರೆ. ಆದರೆ 30 ಲಕ್ಷ ಮುಟ್ಟದ ಆ ಜನರಿಂದ ಆರು ಕೋಟಿ ದಾಟಿದ ನಾವು ಒಂದು ಮಾತು ಕಲಿಯಬೇಕು. ಅವರಿಗೆ ಸಿನಿಮಾ ಬರೀ ಮೋಜಲ್ಲ. ತಮ್ಮ ಕತೆಯನ್ನು ತಮ್ಮ ದನಿಯಲ್ಲೇ ಹೇಳುತ್ತೇವೆ ಎಂಬ ಹಟ. ಆ ಹಟಕ್ಕಾಗಿ ಅಜ್ಜಂದಿರು ಪುಸ್ತಕ ಹೊತ್ತರು, ಅಪ್ಪಂದಿರು ಸೆನ್ಸಾರ್ ಕಣ್ಣಿಗೆ ಮಣ್ಣೆರಚಿದರು, ಒಬ್ಬ ಪ್ರಾಣವನ್ನೇ ಕೊಟ್ಟ.

ನಮ್ಮನ್ನು ತಡೆಯುವ ತ್ಸಾರ್ ಇಲ್ಲ, ಟ್ಯಾಂಕಿಲ್ಲ. ಆದರೂ ‘ಪ್ಯಾನ್ ಇಂಡಿಯಾ ಓಡಬೇಕು’ ಅಂತ ನಮ್ಮ ಊರಿನ ಕತೆಯಿಂದ ಊರನ್ನೇ ಕಿತ್ತುಹಾಕುತ್ತಿದ್ದೇವೆ. ಯಾವ ಊರಿನದೂ ಅಲ್ಲದ ಕೋಟೆ, ಯಾವ ಭಾಷೆಯದೂ ಅಲ್ಲದ ವಿಲನ್!

ಶುರು ಮಾಡುವವರಿಗೆ ಒಂದು ಸಲಹೆ. ಮೊದಲು ‘ಟ್ಯಾಂಜರೀನ್ಸ್’, ಆಮೇಲೆ ‘ದೆವ್ವದ ಮದುಮಗಳು’, ಮೂರನೆಯದಾಗಿ ‘ಸಾಯಲು ಯಾರಿಗೂ ಮನಸ್ಸಿರಲಿಲ್ಲ’. ಒಬ್ಬರೇ ಕೂರಬೇಡಿ; ಗೆಳೆಯರನ್ನು ಸೇರಿಸಿಕೊಳ್ಳಿ, ಸಬ್‌ಟೈಟಲ್ ಓದಲು ತಡವರಿಸುವವನಿಗೆ ಓದಿ ಹೇಳಿ. ‘ಕಾರಿಡಾರ್’ ಮಾತ್ರ ರಾತ್ರಿ ನಿದ್ದೆ ಬಾರದ ದಿನಕ್ಕೆ ಇಟ್ಟುಕೊಳ್ಳಿ!

ಮುಂದಿನ ಶುಕ್ರವಾರ ನಮ್ಮ ಹೀರೋ ಚಿತ್ರ ಬಿಡುಗಡೆಯಾದಾಗ ನಾನೂ ಗಾಂಧಿ ಕ್ಲಾಸಿನಲ್ಲಿ ಇರುತ್ತೇನೆ, ಪೇಪರೂ ತೂರುತ್ತೇನೆ. ಹೀರೋ ಕೈ ಎತ್ತಿದಾಗ ಶಿಳ್ಳೆ ಹೊಡೆಯಿರಿ, ಯಾರು ಬೇಡ ಅಂದರು? ಹೊಡೆತ ತಿನ್ನುವವನನ್ನು ಬರೆದವರು ಯಾರು ಅಂತ ಮಾತ್ರ ಇಂಟರ್‌ವಲ್‌ನಲ್ಲಿ ಒಂದು ಸಲ ಪಕ್ಕದವನನ್ನು ಕೇಳಿ ನೋಡಿ.